ಹಲಸಿನ ಅಂಟು ಮತ್ತು ಮಡಚುವ ಚಾಕು

ಹೋದ ಜೂನ್‌ನಲ್ಲಿ ಆಲ್ದೂರು ಕಡೆಯ ಹುಡುಗನೊಬ್ಬ ನನ್ನ ಅಂಗಡಿಗೆ ಒಂದು ಚಾಕು ತಂದ. ಇಡೀ ಕಪ್ಪು ಬಣ್ಣ, ಹಿಡಿಯ ಮೇಲೆ ತಲೆಬುರುಡೆ, ಅಲಗಿನ ಅರ್ಧಕ್ಕೆ ಗರಗಸದ ಹಲ್ಲು. "ಅಣ್ಣಾ, ಇದು ತೆರೀತಾನೇ ಇಲ್ಲ" ಅಂದ. ಮೂಸಿ ನೋಡಿದೆ. ಹಲಸಿನ ಹಣ್ಣು! ಅಂಟೆಲ್ಲ ಕೀಲಿನೊಳಗೆ ಇಳಿದು ಗಟ್ಟಿಯಾಗಿತ್ತು. ಹೇಗೋ ತೆರೆದರೆ ಮೊನೆಯೂ ಇಲ್ಲ. ಪೇಂಟ್ ಡಬ್ಬದ ಮುಚ್ಚಳ ಮೀಟಲು ಹೋಗಿ ಮುರಿದುಕೊಂಡಿದ್ದ. ಬೆಟ್ಟಕ್ಕೆ, ಕ್ಯಾಂಪಿಗೆ ಬೇಕು ಅಂತ ತರಿಸಿಕೊಂಡಿದ್ದಂತೆ. ಒಂದು ತಿಂಗಳೂ ಆಗಿರಲಿಲ್ಲ.

ನಮ್ಮಪ್ಪ ಕುಲುಮೆಯಲ್ಲಿ ಲಾರಿಯ ಸ್ಪ್ರಿಂಗ್ ಪ್ಲೇಟಿನಿಂದ ಕತ್ತಿ ಹೊಡೆಯುತ್ತಿದ್ದರು. ನಾನು ಚಿಕ್ಕಮಗಳೂರಿನಲ್ಲಿ ತೋಟದ ಸಾಮಾನಿನ ಅಂಗಡಿ ಇಟ್ಟೆ. ಕಸಿ ಕತ್ತರಿ, ಮರದ ಕೊಂಬೆ ಸವರುವ ಮರಗಸಿ ಕತ್ತಿ, ಕುಡುಗೋಲು ಮಾರುತ್ತೇನೆ, ಜೊತೆಗೆ ಸಾಣೆ ಹಿಡಿಯುತ್ತೇನೆ. ಮಾರುವವನಿಗೆ ಹೊಸ ಚಾಕು ಕಾಣುತ್ತದೆ. ಸಾಣೆ ಹಿಡಿಯುವವನಿಗೆ ಕೆಟ್ಟು ಬಂದ ಚಾಕು ಕಾಣುತ್ತದೆ. ಮೊದಲ ಸಲ ಮಡಚುವ ಚಾಕು ಕೊಳ್ಳುವವರಿಗೆ ಅಂತ, ಕೆಟ್ಟು ಬಂದವುಗಳನ್ನು ನೋಡಿ ಕಲಿತದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಲಾಕ್ ವಿಷಯ, ಅಂದರೆ ತೆರೆದ ಅಲಗು ಮಡಚಿಕೊಳ್ಳದಂತೆ ಹಿಡಿಯುವ ತಡೆ. ನನ್ನ ಬಲಗೈ ತೋರುಬೆರಳಿನ ಮೇಲೆ ನಾಲ್ಕು ಹೊಲಿಗೆಯ ಗುರುತಿದೆ. ಜಾತ್ರೆಯಲ್ಲಿ ಕೊಂಡ ಚಾಕು, ಲಾಕ್ ಇರಲಿಲ್ಲ. ಬಿದಿರಿಗೆ ತೂತು ಮಾಡೋಣ ಅಂತ ಮೊನೆ ಊರಿ ಒತ್ತಿದೆ. ಅಲಗು ಹಿಂದಕ್ಕೆ ಮಡಚಿಕೊಂಡಿತು. ತಪ್ಪು ಚಾಕುವಿನದ್ದಲ್ಲ, ನನ್ನದೇ. ಲಾಕ್ ಇಲ್ಲದ ಚಾಕುಗಳಲ್ಲಿ ಅಲಗನ್ನು ಬರೀ ಒಂದು ಸ್ಪ್ರಿಂಗ್ ಒತ್ತಿ ಹಿಡಿದಿರುತ್ತದೆ. ಸ್ವಿಸ್ ಕಂಪನಿ ವಿಕ್ಟೋರಿನಾಕ್ಸ್‌ನ ಹೆಸರುವಾಸಿ ಕೆಂಪು ಚಾಕು, ಆ ಮಡಚಿದಾಗ 91 ಮಿ.ಮೀ. ಉದ್ದ ಇರುವುದು, ಈ ಜಾತಿಯದೇ. ಹಣ್ಣು ಹೆಚ್ಚಲು, ಹಗ್ಗ ಕೊಯ್ಯಲು ಅದು ಬಂಗಾರ. ಯಾಕೆಂದರೆ ಕೊಯ್ಯುವಾಗ ಒತ್ತಡ ಅಲಗಿನ ಬಾಯಿಯ (ಹರಿತದ ಅಂಚಿನ) ಮೇಲೆ ಬೀಳುತ್ತದೆ, ಅಲಗು ಇನ್ನಷ್ಟು ತೆರೆದುಕೊಳ್ಳಲು ನೋಡುತ್ತದೆ. ಚುಚ್ಚುವಾಗ ಅದೇ ಅಲಗು ಬೆರಳಿನ ಕಡೆ ತಿರುಗುತ್ತದೆ.

ಲಾಕ್ ಇರುವ ಚಾಕುಗಳಲ್ಲಿ ಮೂರು ಬಗೆ ನಿಮಗೆ ಜಾಸ್ತಿ ಸಿಗುತ್ತವೆ. ಹಿಡಿಯೊಳಗಿನ ತೆಳು ತಗಡು ಪಕ್ಕಕ್ಕೆ ಸರಿದು ಅಲಗಿನ ಬುಡಕ್ಕೆ ಅಡ್ಡ ನಿಲ್ಲುವುದು ಲೈನರ್ ಲಾಕ್. ಬೆನ್ನಿನ ಕಡೆಯ ಪಟ್ಟಿ ಕಚ್ಚಿನೊಳಗೆ ಕೂರುವುದು ಬ್ಯಾಕ್ ಲಾಕ್. ಮೂರನೆಯದು ಒಪಿನೆಲ್‌ನ ಬಳೆ. ಫ್ರಾನ್ಸಿನ ಆಲ್ಪ್ಸ್ ಬೆಟ್ಟದ ಸವಾಯ್ ಸೀಮೆಯಲ್ಲಿ 1890ರಲ್ಲಿ ಹುಟ್ಟಿದ ಚಾಕು ಅದು. ಮರದ ಹಿಡಿಯ ಕುತ್ತಿಗೆಗೆ ಒಂದು ಉಕ್ಕಿನ ಬಳೆ. ತಿರುಗಿಸಿದರೆ ಅಲಗು ನಿಂತಲ್ಲೇ ನಿಲ್ಲುತ್ತದೆ. ಆ ಬಳೆ ಬಂದದ್ದು 1955ರಲ್ಲಿ. ನನಗೆ ಕೇಳಿದರೆ ಮೊದಲ ಚಾಕುವಿಗೆ ಇದರಷ್ಟು ಸರಳ ಲಾಕ್ ಇಲ್ಲ. ಹಾಕಿದೆಯೋ ಇಲ್ಲವೋ ಕಣ್ಣಿಗೇ ಕಾಣುತ್ತದೆ.

ಅಂಗಡಿಯಲ್ಲಿ ಹೀಗೆ ನೋಡಿ. ಅಲಗು ತೆರೆದು ಲಾಕ್ ಹಾಕಿ. ಅಲಗಿನ ದಾರಿಯಲ್ಲಿ ಬೆರಳು ಇರಬಾರದು. ಬೆನ್ನನ್ನು ಮೇಜಿಗೆ ಊರಿ ಮೆಲ್ಲಗೆ ಒತ್ತಿ. ಕುಟ್ಟಬೇಡಿ, ಅಂಗಡಿಯವನಿಗೂ ಸಿಟ್ಟು ಬರುತ್ತದೆ. ಆಮೇಲೆ ಅಲಗನ್ನು ಅತ್ತಿತ್ತ ಅಲ್ಲಾಡಿಸಿ. ಹಳೇ ಬಾಗಿಲಿನಂತೆ ಲೊಟಲೊಟ ಅಂದರೆ ಅಲ್ಲೇ ಇಟ್ಟು ಬನ್ನಿ. ಮಡಚಿದಾಗ ಅಲಗು ಹಿಡಿಯ ನಡುವೆ ಕೂರಬೇಕು, ಒಂದು ಪಕ್ಕಕ್ಕೆ ಉಜ್ಜಬಾರದು.

ಇನ್ನು ಉಕ್ಕು. ಇದರ ಬಗ್ಗೆ ಗಂಟೆಗಟ್ಟಲೆ ಮಾತಾಡುವವರಿದ್ದಾರೆ. ನಮ್ಮ ಮಲೆನಾಡಿಗೆ ಬೇಕಾದ್ದು ಎರಡೇ ಪ್ರಶ್ನೆ: ಮಳೆಗೆ ತಾಳುತ್ತಾ? ಮನೆಯಲ್ಲಿ ಮಸೆಯಲು ಬರುತ್ತಾ? ಉಕ್ಕಿನಲ್ಲಿ ಕ್ರೋಮಿಯಂ ನೂರಕ್ಕೆ ಸುಮಾರು 10.5 ಭಾಗ ದಾಟಿದರೆ ಸ್ಟೇನ್‌ಲೆಸ್ ಅನ್ನುತ್ತಾರೆ. ಈಚೆಗೆ ಹುಡುಗರೆಲ್ಲ ಕೇಳುವ ಡಿ2 ಉಕ್ಕಿನಲ್ಲಿ ಕ್ರೋಮಿಯಂ 12ರ ಹತ್ತಿರ ಇದೆ. ಆದರೂ ನಮ್ಮ ಆಷಾಢದಲ್ಲಿ ಅದಕ್ಕೆ ಚುಕ್ಕೆ ಬೀಳುತ್ತದೆ. ಅದರಲ್ಲಿ ಕಾರ್ಬನ್ ಒಂದೂವರೆ ಭಾಗ. ಆ ಕಾರ್ಬನ್ ಕ್ರೋಮಿಯಂನ ಒಂದಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ, ತುಕ್ಕು ತಡೆಯಲು ಉಳಿಯುವುದು ಕಮ್ಮಿ. 12ಸಿ27 ಅಥವಾ 14ಸಿ28ಎನ್ ಅಂತ ಬರೆದಿದ್ದರೆ ಧೈರ್ಯವಾಗಿ ತಗೊಳ್ಳಿ. 8ಸಿಆರ್13 ಕೂಡ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಬರೀ 'ಸ್ಟೇನ್‌ಲೆಸ್' ಅಂತ ಬರೆದು ಉಕ್ಕಿನ ಹೆಸರೇ ಹೇಳದ ಚಾಕು ಬೇಡ.

ಗಡಸುತನವನ್ನು ರಾಕ್‌ವೆಲ್ ಲೆಕ್ಕದಲ್ಲಿ ಹೇಳುತ್ತಾರೆ. ವಿಕ್ಟೋರಿನಾಕ್ಸ್ 56ರ ಆಸುಪಾಸು. ದುಬಾರಿ ಚಾಕುಗಳು 60 ದಾಟುತ್ತವೆ. ಜಾಸ್ತಿ ಇದ್ದಷ್ಟೂ ಒಳ್ಳೇದು ಅಂದುಕೊಳ್ಳಬೇಡಿ. 60 ದಾಟಿದ್ದು ಬೇಗ ಮೊಂಡಾಗುವುದಿಲ್ಲ, ನಿಜ. ಆದರೆ ಮೊಂಡಾದ ಮೇಲೆ ಮನೆಯ ಸಾಣೆಕಲ್ಲಿಗೆ ಜಗ್ಗುವುದಿಲ್ಲ, ಬಾಯಿ ಚಕ್ಕೆ ಏಳುವ ಭಯವೂ ಉಂಟು. ಅಪ್ಪ ಕತ್ತಿಗೆ ಹದ ಹಾಕುವಾಗಲೂ ಇದೇ ಲೆಕ್ಕ. ಗಾಜಿನಂತೆ ಗಡಸು ಮಾಡಿದರೆ ಕಲ್ಲಿಗೆ ತಾಗಿದ ದಿನವೇ ಕತೆ ಮುಗಿಯಿತು. ಹಾಗಾಗಿ ಮೊದಲ ಚಾಕು 56ರಿಂದ 58ರೊಳಗೆ ಇರಲಿ. ಕಲಿಯುವ ಕೈಗೆ ಅದು ಬಗ್ಗುತ್ತದೆ.

ಅಳತೆ, ಆಕಾರ ಬೇಗ ಹೇಳಿಬಿಡುತ್ತೇನೆ. ಅಲಗು ಏಳರಿಂದ ಒಂಬತ್ತು ಸೆಂ.ಮೀ. ಸಾಕು. ಒಪಿನೆಲ್ 8ನೇ ನಂಬರಿನ ಅಲಗು ಎಂಟೂವರೆ. ಬೆನ್ನಿನ ದಪ್ಪ ಎರಡು-ಮೂರು ಮಿ.ಮೀ. ನಾಲ್ಕು ಮಿ.ಮೀ. ದಪ್ಪದ್ದು ಈರುಳ್ಳಿ ಹೆಚ್ಚುವುದಿಲ್ಲ, ಸೀಳುತ್ತದೆ. ಗರಗಸದ ಹಲ್ಲು ನೈಲಾನ್ ಹಗ್ಗಕ್ಕೆ ಚೆನ್ನ, ಆದರೆ ಚಪ್ಪಟೆ ಕಲ್ಲಿನಲ್ಲಿ ಮಸೆಯಲು ಆಗುವುದಿಲ್ಲ. ಹಿಡಿ ಒದ್ದೆ ಕೈಯಲ್ಲಿ ಜಾರಬಾರದು. ಇನ್ನು ಬಿದಿರು ಕಡಿಯೋದು, ಸೌದೆ ಸೀಳೋದು ಕತ್ತಿಯ ಕೆಲಸ. ಅದನ್ನು ಮಡಚುವ ಚಾಕುವಿಗೆ ಹೇಳಬೇಡಿ.

ಇಷ್ಟೆಲ್ಲ ನೋಡಿ ಕೊಂಡಿರಿ ಅನ್ನಿ. ಕುದುರೆಮುಖ ಹತ್ತುವಾಗ ಜೇಬಿನಲ್ಲಿ ಇಟ್ಟುಕೊಂಡು ಹೋಗಬಹುದಾ? ಇಲ್ಲ. ತುಂಬಾ ಜನಕ್ಕೆ ಇದು ಗೊತ್ತೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ 'ಆಯುಧ' ಅಂದರೆ ಏನು ಅಂತ ಹೇಳುವ ಕಡೆ ಬಂದೂಕು, ಬಲೆ, ವಿಷದ ಜೊತೆ ಚಾಕುವಿನ ಹೆಸರೂ ಇದೆ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಲಿಖಿತ ಅನುಮತಿ ಇಲ್ಲದೆ ಆಯುಧ ಒಯ್ಯುವಂತಿಲ್ಲ. ಕುದುರೆಮುಖ, ಭದ್ರಾ ಎರಡೂ ಈ ಲೆಕ್ಕಕ್ಕೆ ಬರುತ್ತವೆ. ಅಲ್ಲಿಗೆ ಹೋಗುವ ದಿನ ಚಾಕು ಮನೆಯಲ್ಲೇ ಇರಲಿ. ಶಸ್ತ್ರಾಸ್ತ್ರ ನಿಯಮದಲ್ಲಿ ಅಲಗಿಗೆ ಹೇಳಿರುವ ಒಂಬತ್ತು ಇಂಚು ಉದ್ದ, ಎರಡು ಇಂಚು ಅಗಲದ ಮಿತಿಯ ಮಾತು ಬೇರೆ. ನಮ್ಮ ಪುಟ್ಟ ಚಾಕು ಅಷ್ಟು ದೂರ ಹೋಗುವುದಿಲ್ಲ. ವಿಮಾನ ಹತ್ತುವವರು ಕೈಚೀಲದಲ್ಲಿ ಇಡಬೇಡಿ, ಅಷ್ಟೇ. ತೋಟದಲ್ಲಿ ಟೆಂಟ್ ಹಾಕಿದಾಗ, ಗೊರೂರು ಹಿನ್ನೀರಿನ ಬದಿಯಲ್ಲಿ ಬುತ್ತಿ ಬಿಚ್ಚಿದಾಗ, ಹೋಂಸ್ಟೇ ಅಂಗಳದಲ್ಲಿ ಅಡುಗೆಗೆ ಕೂತಾಗ ಅದಕ್ಕೆ ಬೇಕಾದಷ್ಟು ಕೆಲಸ ಇರುತ್ತದೆ.

ಮಳೆಗಾಲದ ಇನ್ನೊಂದು ತಾಪತ್ರಯ ಒಪಿನೆಲ್‌ನವರಿಗೆ ಮಾತ್ರ. ಮರದ ಹಿಡಿ ನೀರು ಕುಡಿದು ಉಬ್ಬಿದರೆ ಅಲಗು ಹೊರಗೆ ಬರುವುದೇ ಇಲ್ಲ. ಗಾಬರಿ ಬೇಡ. ಬಳೆ ಬಿಡಿಸಿ, ಹಿಡಿಯ ಬಾಲವನ್ನು ಮೇಜಿನ ಅಂಚಿಗೆ ಒಮ್ಮೆ ತಟ್ಟಿ. ಅಲಗಿನ ಬೆನ್ನು ತುಸು ಮೇಲೆ ಬರುತ್ತದೆ, ಹಿಡಿದು ತೆರೆಯಿರಿ. ಸವಾಯ್ ರೈತರ ಹಳೇ ಉಪಾಯವಿದು. ಚರ್ಮದ ಚೀಲದಲ್ಲಿ ಮಾತ್ರ ಯಾವ ಚಾಕುವನ್ನೂ ಮಳೆಗಾಲವಿಡೀ ಬಿಡಬೇಡಿ. ಚರ್ಮ ತೇವ ಹಿಡಿದುಕೊಂಡು ಅಲಗನ್ನು ತಿನ್ನುತ್ತದೆ.

ಮಸೆಯುವುದು ಕಷ್ಟವಲ್ಲ. ಒಂದು ಬದಿ 400 ಗ್ರಿಟ್ (ತರಿ), ಇನ್ನೊಂದು ಬದಿ 1000 ಗ್ರಿಟ್ (ನುಣುಪು) ಇರುವ ಕಲ್ಲು ತಗೊಳ್ಳಿ. ಓರೆ 20 ಡಿಗ್ರಿ ಅನ್ನುತ್ತಾರೆ. ಅಳೆಯುವುದು ಹೇಗೆ? ಅಲಗನ್ನು ಕಲ್ಲಿನ ಮೇಲೆ ನೆಟ್ಟಗೆ ನಿಲ್ಲಿಸಿ, ಅರ್ಧಕ್ಕೆ ವಾಲಿಸಿ, ಅದರರ್ಧಕ್ಕೆ ಮತ್ತೆ ವಾಲಿಸಿ. ಹತ್ತಿರ ಹತ್ತಿರ ಬಂದಿರಿ. ಬಾಯಿಗೆ ಸ್ಕೆಚ್ ಪೆನ್ ಬಳಿದು ನಾಲ್ಕು ಸಲ ಎಳೆಯಿರಿ. ಬಣ್ಣ ಎಲ್ಲಿ ಉಳಿದಿದೆ ನೋಡಿದರೆ ಕೈ ಎಲ್ಲಿ ತಪ್ಪಿತು ಅಂತ ತಿಳಿಯುತ್ತದೆ. ಹರಿತ ಪರೀಕ್ಷೆಗೆ ಹಳೇ ಪೇಪರ್ ಇದೆಯಲ್ಲ, ಹೆಬ್ಬೆರಳು ಯಾಕೆ? ಕಿಡಿ ಹಾರಿಸುವ ಒಣ ಚಕ್ರಕ್ಕೆ ಮಾತ್ರ ಕೊಡಬೇಡಿ. ನಮ್ಮ ಕಸುಬಿನವರಿಗೇ ಬೇಜಾರಾಗಬಹುದು, ಆಗಲಿ. ತೆಳು ಬಾಯಿ ಕಾದು ನೀಲಿಗೆ ತಿರುಗಿದರೆ ಹದ ಹೋಯಿತು. ಆಮೇಲೆ ಎಷ್ಟು ಮಸೆದರೂ ಅಷ್ಟೇ.

ಆ ಹುಡುಗನ ಚಾಕುವಿಗೆ ಮೊದಲು ಕೊಬ್ಬರಿ ಎಣ್ಣೆ ಬಿಟ್ಟೆ. ಹಲಸಿನ ಅಂಟಿಗೆ ಅದೇ ಮದ್ದು, ಮನೆಯಲ್ಲಿ ಕೈಗೆ ಸವರಿಕೊಳ್ಳುವುದಿಲ್ಲವಾ? ಅಂಟು ಬಿಟ್ಟ ಮೇಲೆ ಸೋಪಿನ ನೀರಿನಲ್ಲಿ ತೊಳೆದು, ಒರೆಸಿ, ಕೀಲಿಗೆ ಹೊಲಿಗೆ ಮೆಷಿನ್ನಿನ ಎಣ್ಣೆ ಒಂದು ಹನಿ. "ಕೊಬ್ಬರಿ ಎಣ್ಣೆನೇ ಬಿಟ್ಟಿದ್ರೆ ಆಗ್ತಿರ್ಲಿಲ್ವಾ ಅಣ್ಣಾ?" ಅಂದ. "ಡಿಸೆಂಬರ್‌ನಲ್ಲಿ ಇಲ್ಲಿ ಅದು ಬಾಟ್ಲಿಯಲ್ಲೇ ಗಟ್ಟಿಯಾಗುತ್ತೆ ಮಾರಾಯ, ಕೀಲಲ್ಲಿ ಸುಮ್ನಿರುತ್ತಾ?" ಅಂದೆ. ಮುರಿದ ಮೊನೆಯನ್ನು ಬೆನ್ನಿನ ಕಡೆಯಿಂದ ಉಜ್ಜಿ ಇಳಿಸಿದೆ, ನಡುನಡುವೆ ನೀರಿನಲ್ಲಿ ಅದ್ದುತ್ತಾ. ಬಾಯಿಯ ಕಡೆ ಮುಟ್ಟಲಿಲ್ಲ. ಚಾಕು ಅರ್ಧ ಸೆಂ.ಮೀ. ಗಿಡ್ಡವಾಯಿತು. ಪೇಂಟ್ ಡಬ್ಬಕ್ಕೆ ಅಂತ ಒಂದು ಹಳೇ ಸ್ಕ್ರೂಡ್ರೈವರ್ ಸುಮ್ನೆ ಕೊಟ್ಟು ಕಳಿಸಿದೆ.