ಅಪಘಾತದಲ್ಲಿ ಕಣ್ಣು ಹೋದ್ರೆ ಪರಿಹಾರ ಹೇಗೆ ಲೆಕ್ಕ ಹಾಕ್ತಾರೆ: ಅಧ್ಯಯನ ಟಿಪ್ಪಣಿ

ಮೋಟಾರು ಅಪಘಾತದ ಕ್ಲೇಮು ಓದೋರು ಕಣ್ಣಿನ ಕೇಸುಗಳನ್ನ ಸ್ವಲ್ಪ ಬೇರೆಯಾಗೇ ಓದ್ಬೇಕು. ಯಾಕಂದ್ರೆ ಕಾಲು ಮುರಿದ್ರೆ ಎಕ್ಸ್‌ರೇಲಿ ಗೊತ್ತಾಗುತ್ತೆ, ಕೈ ಹೋದ್ರೆ ನ್ಯಾಯಾಧೀಶರ ಎದುರಿಗೇ ಕಾಣುತ್ತೆ, ಆದ್ರೆ ತಲೆಗೆ ಪೆಟ್ಟು ಬಿದ್ದು ಕಣ್ಣಿನ ನರ ಸತ್ತಿದ್ರೆ ಹೊರಗಿಂದ ಕಣ್ಣು ನೆಟ್ಟಗೇ ಇರುತ್ತೆ, ಆ ಮನುಷ್ಯನಿಗೆ ಏನೂ ಕಾಣ್ತಿರಲ್ಲ. ಅಲ್ಲಿಂದಾನೇ ಜಗಳ ಶುರು, ಇನ್ಶೂರೆನ್ಸ್ ಕಡೆಯೋರು "ನಾಟಕ" ಅಂತಾರೆ, ಇಲ್ಲ "ಮೊದಲೇ ಇದ್ದ ದೋಷ" ಅಂತಾರೆ.

ಮೊದಲು ಯಾವ ದಾರಿ ಅನ್ನೋದು. ರಸ್ತೆ ಅಪಘಾತ ಆದ್ರೆ 1988ರ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 166ರ ಕೆಳಗೆ ಅಪಘಾತ ಪರಿಹಾರ ತೀರ್ಮಾನಿಸೋ ಕ್ಲೇಮ್ಸ್ ಟ್ರಿಬ್ಯೂನಲ್‌ಗೆ ಅರ್ಜಿ. ಅಪಘಾತ ಆದ ಜಾಗ, ಗಾಯಾಳು ವಾಸ ಇರೋ ಜಾಗ, ಎದುರಾಳಿ ಇರೋ ಜಾಗ, ಇವುಗಳಲ್ಲಿ ಎಲ್ಲಿ ಬೇಕಾದ್ರೂ ಹಾಕ್ಬಹುದು. 2019ರ ತಿದ್ದುಪಡಿಯಲ್ಲಿ ಆರು ತಿಂಗಳ ಗಡುವು ತಂದ್ರು, ಅದು 2022ರ ಏಪ್ರಿಲ್ 1ರಿಂದ ಜಾರಿ, ಹಾಗಾಗಿ ಹಳೇ ಪುಸ್ತಕದಲ್ಲಿ "ಗಡುವು ಇಲ್ಲ" ಅಂತ ಇದ್ರೆ ಅದನ್ನ ನಂಬ್ಕೊಂಡು ಕೂರ್ಬೇಡಿ. ಎದುರಿನವರ ತಪ್ಪು ತೋರಿಸೋಕೆ ಆಗದೇ ಇದ್ರೆ ಸೆಕ್ಷನ್ 164 ಇದೆ, ಗಂಭೀರ ಗಾಯಕ್ಕೆ 2.5 ಲಕ್ಷ, ತಪ್ಪು ಯಾರದ್ದು ಅಂತ ಕೇಳೋದೇ ಇಲ್ಲ. ಗುದ್ದಿ ಓಡಿಹೋದ ವಾಹನ ಪತ್ತೇನೇ ಆಗ್ಲಿಲ್ಲ ಅಂದ್ರೆ ಸೆಕ್ಷನ್ 161ರಲ್ಲಿ ಗಂಭೀರ ಗಾಯಕ್ಕೆ 50,000, ಕಣ್ಣು ಹೋದವರಿಗೆ ಇದು ತುಂಬಾ ಕಮ್ಮಿ ಅನ್ನೋದು ನನ್ನ ಖಚಿತ ಅಭಿಪ್ರಾಯ. ಎರಡರಲ್ಲಿ ಒಂದು ಕಣ್ಣಿನ ದೃಷ್ಟಿ ಶಾಶ್ವತವಾಗಿ ಹೋದ್ರೂ ಸಾಕು, ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 116ರ ಪ್ರಕಾರ ಅದು ಗಂಭೀರ ಗಾಯಾನೇ.

ಕೆಲಸದ ಜಾಗದಲ್ಲಿ ಆದ್ರೆ 1923ರ ನೌಕರರ ಪರಿಹಾರ ಕಾಯ್ದೆ, ಅದನ್ನೀಗ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿಸಿದಾರೆ. ಡ್ರೈವರ್ ಡ್ಯೂಟಿ ಮೇಲೆ ಇದ್ದಾಗ ಅಪಘಾತ ಆದ್ರೆ ಎರಡೂ ದಾರಿ ತೆರೆದಿರುತ್ತೆ, ಆದ್ರೆ ಮೋಟಾರು ಕಾಯ್ದೆಯ ಸೆಕ್ಷನ್ 167ರ ಪ್ರಕಾರ ಒಂದನ್ನ ಮಾತ್ರ ಆರಿಸ್ಕೋಬೇಕು. ಚಿಕಿತ್ಸೆಯ ನಿರ್ಲಕ್ಷ್ಯದಿಂದ ಕಣ್ಣು ಹೋದ್ರೆ ಗ್ರಾಹಕರ ಆಯೋಗ, ಅಲ್ಲಿ ಎರಡು ವರ್ಷದ ಗಡುವು, ಅದನ್ನ ಇಲ್ಲಿಗೇ ಬಿಡ್ತೀನಿ.

ಈಗ ಮುಖ್ಯ ವಿಷಯ, ನಷ್ಟದ ಪರ್ಸೆಂಟೇಜು. ಎಲ್ರೂ ಗೊಂದಲ ಮಾಡ್ಕೊಳ್ಳೋದು ಇಲ್ಲೇ.

ಒಂದು ಕಣ್ಣು ಪೂರ್ತಿ ಹೋಗಿ ಇನ್ನೊಂದು ಸರಿ ಇದ್ರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಮಾರ್ಗಸೂಚಿ ಪ್ರಕಾರ ಅಂಗವೈಕಲ್ಯದ ಸರ್ಟಿಫಿಕೇಟಲ್ಲಿ ಬರೋದು 30%. ನೌಕರರ ಪರಿಹಾರ ಕಾಯ್ದೆಯ ಮೊದಲನೇ ಶೆಡ್ಯೂಲಲ್ಲಿ ಬೇರೆ ಲೆಕ್ಕ, ಕಣ್ಣುಗುಡ್ಡೆಯೇ ಹೋದ್ರೆ 40%, ಗುಡ್ಡೆ ಉಳಿದು ದೃಷ್ಟಿ ಮಾತ್ರ ಹೋದ್ರೆ 30%, ಒಂದು ಕಣ್ಣಿನ ದೃಷ್ಟಿ ಅರೆಬರೆ ಹೋದ್ರೆ 10%, ಕಣ್ಣು ಬೇಕಾದ ಯಾವ ಕೆಲಸಾನೂ ಮಾಡೋಕಾಗದಷ್ಟು ಹೋದ್ರೆ 100%. ಅಲ್ಲಿ ಲೆಕ್ಕ ಸಲೀಸು, ತಿಂಗಳ ಸಂಬಳದ 60% ತಗೊಂಡು ವಯಸ್ಸಿನ ಫ್ಯಾಕ್ಟರಿಂದ ಗುಣಿಸಿ ಆಮೇಲೆ ಈ ಪರ್ಸೆಂಟೇಜ್ ಹಾಕೋದು. 30 ವರ್ಷದವರಿಗೆ ಫ್ಯಾಕ್ಟರ್ 207.98, 2020ರಲ್ಲಿ ನಿಗದಿ ಮಾಡಿದ ಸಂಬಳದ ಮಿತಿ 15,000 ಇಟ್ಕೊಂಡ್ರೆ 9,000ವನ್ನ 207.98ರಿಂದ ಗುಣಿಸಿ 30% ತೆಗೆದ್ರೆ 5,61,546 ರೂಪಾಯಿ.

ಮೋಟಾರು ಕ್ಲೇಮಲ್ಲಿ ಮಾತ್ರ ಸರ್ಟಿಫಿಕೇಟಿನ ಅಂಕಿಯನ್ನ ಹಾಗೇ ಎತ್ತಿ ಹಾಕೋ ಹಾಗಿಲ್ಲ. ರಾಜ್‌ಕುಮಾರ್ ವರ್ಸಸ್ ಅಜಯ್ ಕುಮಾರ್ ತೀರ್ಪಲ್ಲಿ ಸುಪ್ರೀಂ ಕೋರ್ಟ್ 2010ರಲ್ಲಿ ಇದನ್ನ ಬಿಡಿಸಿ ಹೇಳಿದೆ. ದೇಹಕ್ಕೆ ಎಷ್ಟು ನಷ್ಟ ಅನ್ನೋದು ಬೇರೆ, ಗಳಿಕೆ ಸಾಮರ್ಥ್ಯಕ್ಕೆ ಎಷ್ಟು ನಷ್ಟ ಅನ್ನೋದು ಬೇರೆ. ಮೊದಲು ಆ ಮನುಷ್ಯ ಇನ್ಮುಂದೆ ಏನು ಮಾಡ್ಬಲ್ಲ ಏನು ಮಾಡ್ಲಾರ ಅಂತ ನೋಡ್ಬೇಕು, ಆಮೇಲೆ ಅಪಘಾತಕ್ಕೆ ಮುಂಚೆ ಅವನ ಕೆಲಸ ಏನು, ವಯಸ್ಸೆಷ್ಟು ಅಂತ, ಆಮೇಲೆ ಹಳೇ ಕೆಲಸ ಮುಂದುವರಿಸ್ಬಹುದಾ ಅಥವಾ ಬೇರೆ ಏನಾದ್ರೂ ಮಾಡಿ ಬದುಕ್ಬಹುದಾ ಅಂತ.

ಇದನ್ನ ಕಣ್ಣಿಗೆ ಅನ್ವಯಿಸಿ ನೋಡಿ. ಒಂದೇ ಕಣ್ಣಿರೋರಿಗೆ ಪಕ್ಕದ ನೋಟ ಒಂದು ಕಡೆ ಕಮ್ಮಿಯಾಗುತ್ತೆ, ಆಳ ದೂರ ಅಂದಾಜು ಮಾಡೋ ಶಕ್ತಿ ಕುಂದುತ್ತೆ. ಲೆಕ್ಕಪತ್ರ ನೋಡೋ ಗುಮಾಸ್ತರು ಸ್ವಲ್ಪ ಕಷ್ಟಪಟ್ಟು ಒಗ್ಗಿಕೋಬಹುದು, ಆದ್ರೆ ಹೆವಿ ವಾಹನ ಓಡಿಸೋರು, ಎತ್ತರದಲ್ಲಿ ನಿಂತು ಕೆಲಸ ಮಾಡೋ ಪೇಂಟರು, ತಿರುಗೋ ಬ್ಲೇಡ್ ಪಕ್ಕ ನಿಲ್ಲೋ ಬಡಗಿ, ಸೂಕ್ಷ್ಮ ಕುಸುರಿ ಮಾಡೋ ಅಕ್ಕಸಾಲಿಗರು, ಇವರಿಗೆ ಅದೇ 30% ಅನ್ನೋದು ಜೀವನಾನೇ ನಿಲ್ಲಿಸಿಬಿಡಬಹುದು. ಹಾಗಾಗಿ ಡ್ರೈವರ್ ಕೇಸಲ್ಲಿ 100% ಗಳಿಕೆ ನಷ್ಟ ಅಂತ ವಾದ ಮಾಡೋದು ಅತಿಯಾಸೆ ಏನಲ್ಲ, ಸಾಕ್ಷ್ಯ ಇದ್ರೆ ನ್ಯಾಯವಾದ ವಾದ.

ಅಂಕಿಯಲ್ಲಿ ಎಷ್ಟು ವ್ಯತ್ಯಾಸ ಅಂತ ಒಂದ್ಸಲ ಹಾಕಿ ನೋಡಿದ್ರೇನೆ ಅರ್ಥ ಆಗೋದು. 32 ವರ್ಷ, ಸ್ವಂತ ದುಡಿಮೆ, ತಿಂಗಳಿಗೆ 20,000 ಅಂತ ಇಟ್ಕೊಳ್ಳಿ. 2017ರ ಪ್ರಣಯ್ ಸೇಠಿ ತೀರ್ಪಿನ ಪ್ರಕಾರ 40ರೊಳಗಿನ ಸ್ವಂತ ದುಡಿಮೆಯವರಿಗೆ ಭವಿಷ್ಯದ ಏಳಿಗೆ ಅಂತ 40% ಸೇರಿಸ್ಬೇಕು, 28,000 ಆಯ್ತು, ವರ್ಷಕ್ಕೆ 3,36,000. 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಲ್ಲಿ 31ರಿಂದ 35ಕ್ಕೆ ಗುಣಕ (ವರ್ಷದ ಗಳಿಕೆಯನ್ನ ಎಷ್ಟರಿಂದ ಗುಣಿಸ್ಬೇಕು ಅನ್ನೋ ಅಂಕಿ) 16, ಅಲ್ಲಿಗೆ 53,76,000. ಇದಕ್ಕೆ 30% ಹಾಕಿದ್ರೆ 16,12,800, 60% ಹಾಕಿದ್ರೆ 32,25,600, ಪೂರ್ತಿ ನಷ್ಟ ಅಂದ್ರೆ ಅಷ್ಟೂ. ಕಣ್ಣು ಅದೇ, ಗಾಯ ಅದೇ, ಕೆಲಸದ ಬಗ್ಗೆ ಸಾಕ್ಷ್ಯ ಕೊಟ್ರಾ ಇಲ್ವಾ ಅನ್ನೋದ್ರ ಮೇಲೆ ಇಷ್ಟು ಅಂತರ. ಇನ್ನೊಂದು ನೆನಪಿರ್ಲಿ, ಸಾವಿನ ಕೇಸಲ್ಲಿ ಸ್ವಂತ ಖರ್ಚಿಗೆ ಅಂತ ಮೂರನೇ ಒಂದೋ ನಾಲ್ಕನೇ ಒಂದೋ ಕಳೀತಾರಲ್ಲ, ಗಾಯದ ಕೇಸಲ್ಲಿ ಅದನ್ನ ಕಳೆಯಲ್ಲ, ಆ ಮನುಷ್ಯ ಬದುಕಿದಾನೆ, ಅವನ ಖರ್ಚು ಹಾಗೇ ಇದೆ. ಪರೀಕ್ಷೇಲಿ ಇದನ್ನ ಕಳೆದು ಬರೆದ್ರೆ ಉತ್ತರ ಪೂರ್ತಿ ತಪ್ಪಾಗುತ್ತೆ.

ಗಳಿಕೆ ಬಿಟ್ಟು ಪರಿಹಾರ ಕೇಳೋ ಬೇರೆ ತಲೆಬರಹಗಳೂ ಇವೆ, ಆದ ಆಸ್ಪತ್ರೆ ಖರ್ಚು, ಚಿಕಿತ್ಸೆ ಟೈಮಲ್ಲಿ ಹೋದ ದುಡಿಮೆ, ನೋವು ಸಂಕಟ, ಬದುಕಿನ ಸುಖ ಸೌಕರ್ಯದ ನಷ್ಟ. ಎರಡೂ ಕಣ್ಣು ಹೋದವರಿಗೆ ನೋಡ್ಕೊಳ್ಳೋರ ಖರ್ಚು ದೊಡ್ಡದು, ಅದನ್ನ ಇಷ್ಟು ಅಂತ ಒಂದೇ ಮೊತ್ತ ಕೊಟ್ಟು ಮುಗಿಸದೆ ಗುಣಕ ಹಾಕಿ ಲೆಕ್ಕ ಮಾಡ್ಬೇಕು ಅಂತ ಕಾಜಲ್ ವರ್ಸಸ್ ಜಗದೀಶ್ ಚಂದ್ ತೀರ್ಪು, 2020, ಹೇಳುತ್ತೆ. ಆ ಕೇಸು ಕಣ್ಣಿನದ್ದಲ್ಲ, ಆದ್ರೆ ತತ್ವ ಇಲ್ಲಿಗೂ ಸರಿಯಾಗೇ ಕೂರುತ್ತೆ.

ಸಾಕ್ಷ್ಯದ ವಿಷಯ. ಎಫ್‌ಐಆರ್, ಗಾಯದ ಪ್ರಮಾಣಪತ್ರ, ಡಿಸ್ಚಾರ್ಜ್ ಸಮ್ಮರಿ ಇವೆಲ್ಲ ಎಲ್ಲಾ ಕೇಸಲ್ಲೂ ಬೇಕು. ಕಣ್ಣಿನ ಕೇಸಲ್ಲಿ ಮೊದಲ ದಿನದ ಆಸ್ಪತ್ರೆ ದಾಖಲೆಯಲ್ಲಿ ಕಣ್ಣಿನ ಬಗ್ಗೆ ಒಂದು ಸಾಲಾದ್ರೂ ಇದೆಯಾ ನೋಡ್ಬೇಕು, ತಲೆಗೆ ಪೆಟ್ಟಾಗಿ ಪ್ರಜ್ಞೆ ಇಲ್ದೇ ಇದ್ದಾಗ ದೃಷ್ಟಿ ಪರೀಕ್ಷೆ ಮಾಡಿರಲ್ಲ, ಎಷ್ಟೋ ದಿನ ಆದ್ಮೇಲೆ "ಕಾಣ್ತಿಲ್ಲ" ಅಂದಾಗ ಅಪಘಾತಕ್ಕೂ ಇದಕ್ಕೂ ಸಂಬಂಧ ಏನು ಅಂತ ಪ್ರಶ್ನೆ ಬರುತ್ತೆ. ಅಕ್ಷರದ ಬೋರ್ಡ್ ಓದಿಸೋದು ರೋಗಿ ಹೇಳಿದ್ದರ ಮೇಲೆ ನಿಂತಿರೋ ಪರೀಕ್ಷೆ. ಅದಕ್ಕೇ ರೋಗಿಯ ಮಾತಿನ ಮೇಲೆ ನಿಲ್ಲದ ಪರೀಕ್ಷೆಗಳು ಮುಖ್ಯ, ಎರಡೂ ಕಣ್ಣಿಗೆ ಟಾರ್ಚ್ ಬದಲಾಯಿಸಿ ಬಿಟ್ಟು ಪಾಪೆ ಹೇಗೆ ಕುಗ್ಗುತ್ತೆ ನೋಡೋದು, ಓಸಿಟಿ ಸ್ಕ್ಯಾನಲ್ಲಿ ನರದ ಪದರ ತೆಳ್ಳಗಾಗಿದೆಯಾ ನೋಡೋದು, ವಿಇಪಿ ಅಂತ ಕಣ್ಣಿನ ಸಂಕೇತ ಮೆದುಳಿಗೆ ತಲುಪ್ತಿದೆಯಾ ಅಳೆಯೋದು. ಈ ವರದಿಗಳಿದ್ದು ಡಾಕ್ಟ್ರು ಬಂದು ಸಾಕ್ಷಿ ಹೇಳಿದ್ರೆ ನಾಟಕ ಅನ್ನೋ ಮಾತು ನಿಲ್ಲೋದು ಕಷ್ಟ. ಟ್ರಿಬ್ಯೂನಲ್ಲಲ್ಲಿ ಕ್ರಿಮಿನಲ್ ಕೇಸಿನಷ್ಟು ಕಟ್ಟುನಿಟ್ಟಿನ ರುಜುವಾತು ಬೇಡ, ಹೆಚ್ಚು ಸಂಭವ ಯಾವ ಕಡೆ ಅನ್ನೋದು ಸಾಕು, ಆದ್ರೆ ಸರ್ಟಿಫಿಕೇಟ್ ಮಾತ್ರ ಫೈಲ್ ಮಾಡಿ ಡಾಕ್ಟ್ರನ್ನ ಕರೆಸದೇ ಇದ್ರೆ ಅದರ ತೂಕ ಇಳಿಯುತ್ತೆ.

ಮೊದಲೇ ಒಂದು ಕಣ್ಣು ಇಲ್ಲದವರ ವಿಷಯಕ್ಕೆ 1951ರ ಇಂಗ್ಲೆಂಡಿನ ಪ್ಯಾರಿಸ್ ವರ್ಸಸ್ ಸ್ಟೆಪ್ನಿ ಕೇಸು ಓದ್ಲೇಬೇಕು. ಗ್ಯಾರೇಜಲ್ಲಿ ಕೆಲಸ ಮಾಡ್ತಿದ್ದ, ಒಂದು ಕಣ್ಣು ಮೊದಲೇ ಹಾಳಾಗಿದ್ದ ಕೆಲಸಗಾರನ ಒಳ್ಳೇ ಕಣ್ಣಿಗೆ ಲೋಹದ ಚೂರು ಸಿಡಿದು ಪೂರ್ತಿ ಕುರುಡಾದ. ಅವನ ಸ್ಥಿತಿ ಮಾಲೀಕರಿಗೆ ಗೊತ್ತಿತ್ತು, ಆದ್ರೂ ರಕ್ಷಣೆಯ ಕನ್ನಡಕ ಕೊಟ್ಟಿರಲಿಲ್ಲ. ಅಪಾಯದ ಸಂಭವ ಎಲ್ರಿಗೂ ಒಂದೇ ಇರ್ಬಹುದು, ಆದ್ರೆ ಅವನಿಗೆ ಆಗೋ ನಷ್ಟ ಎಷ್ಟೋ ಪಾಲು ದೊಡ್ಡದು, ಹಾಗಾಗಿ ಅವನ ವಿಷಯದಲ್ಲಿ ಎಚ್ಚರಿಕೆಯೂ ಹೆಚ್ಚು ಇರ್ಬೇಕಿತ್ತು ಅಂತ ಆಗ ಅಲ್ಲಿನ ಅತ್ಯುನ್ನತ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಡ್ತು. "ಮೊದಲೇ ಒಂದು ಕಣ್ಣು ಇರಲಿಲ್ವಲ್ಲ" ಅನ್ನೋರಿಗೆ ಇದೇ ಉತ್ತರ.

ಕೊನೇದಾಗಿ ರಾಜಿ, ಇದರ ಬಗ್ಗೆ ನನಗೆ ನಿಜವಾಗ್ಲೂ ಆತಂಕ ಇದೆ. ಲೋಕ ಅದಾಲತ್‌ನಲ್ಲಿ ಬೇಗ ದುಡ್ಡು ಸಿಗುತ್ತೆ, ಒಳ್ಳೇದೇ, ಆದ್ರೆ 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಸೆಕ್ಷನ್ 21ರ ಪ್ರಕಾರ ಆ ಅವಾರ್ಡ್ ಅಂತಿಮ, ಅಪೀಲು ಇಲ್ಲ. ಕಣ್ಣಿನ ಪೆಟ್ಟಿನ ಪರಿಣಾಮ ತಡವಾಗಿ ಬರೋದು ಉಂಟು, ರೆಟಿನಾ ತಿಂಗಳುಗಳ ನಂತರ ಕಿತ್ತು ಬರ್ಬಹುದು, ಗ್ಲಾಕೋಮಾ ವರ್ಷಗಳ ನಂತರ ಶುರುವಾಗ್ಬಹುದು, ತೂತು ಬಿದ್ದ ಗಾಯ ಆಗಿದ್ರೆ ಅಪರೂಪಕ್ಕೆ ಪೆಟ್ಟೇ ಬೀಳದ ಇನ್ನೊಂದು ಕಣ್ಣಿಗೂ ಉರಿಯೂತ ಬರುತ್ತೆ. ಸಹಿ ಹಾಕೋ ಮುಂಚೆ ಕಣ್ಣಿನ ಡಾಕ್ಟ್ರ ಹತ್ರ ಮುಂದೆ ಏನಾಗ್ಬಹುದು ಅಂತ ಬರೆಸಿಕೊಂಡು ಭವಿಷ್ಯದ ಚಿಕಿತ್ಸೆ ಅನ್ನೋ ತಲೆಬರಹದಲ್ಲಿ ಮೊತ್ತ ಕೇಳ್ಬೇಕು. ರಾಜಿ ಬೇಡ ಅಂತ ಟ್ರಿಬ್ಯೂನಲ್ ತೀರ್ಪಿಗೇ ಕಾದ್ರೆ ಮೋಟಾರು ಕಾಯ್ದೆಯ ಸೆಕ್ಷನ್ 171ರಲ್ಲಿ ಬಡ್ಡಿ ಕೊಡಿಸೋ ಅಧಿಕಾರ ಇದೆ, ಮೊತ್ತ ಸಾಲ್ದು ಅನಿಸಿದ್ರೆ ಸೆಕ್ಷನ್ 173ರಲ್ಲಿ 90 ದಿನದೊಳಗೆ ಹೈಕೋರ್ಟಿಗೆ ಅಪೀಲು, ತಕರಾರಿನ ಮೊತ್ತ ಒಂದು ಲಕ್ಷಕ್ಕಿಂತ ಕಮ್ಮಿ ಇರಬಾರದು ಅಷ್ಟೇ.