ಪದ ಪರಿಚಯ: ಹೋಲೋಟೈಪ್

ಮುಂಗಾರಿನ ಹೊತ್ತಿಗೆ ಸಕಲೇಶಪುರದ ಕಾಫಿ ತೋಟಗಳ ನೆರಳುಮರಗಳಲ್ಲಿ ಸೀತಾಳೆ ದಂಡೆ ಅರಳಿ ಇಳಿಬಿದ್ದಿರುವಾಗ, ಅದರ ಪಕ್ಕದ ಕೊಂಬೆಯಲ್ಲಿ ಈವರೆಗೆ ಯಾರೂ ವರ್ಣಿಸದ ಪುಟ್ಟ ಆರ್ಕಿಡ್ ಒಂದು ಕಣ್ಣಿಗೆ ಬಿತ್ತೆನ್ನೋಣ. ಫೋಟೊ ತೆಗೆದು ಒಂದು ಹೆಸರಿಟ್ಟ ಮಾತ್ರಕ್ಕೆ ಸಸ್ಯಶಾಸ್ತ್ರ ಅದನ್ನು ಹೊಸ ಪ್ರಭೇದವೆಂದು ಒಪ್ಪುವುದಿಲ್ಲ. ಗಿಡದ ಒಂದು ಪ್ರತಿಯನ್ನು ಒತ್ತಿ ಒಣಗಿಸಿಟ್ಟು, ಈ ಹೆಸರು ಸೇರಿದ್ದು ಇದಕ್ಕೇ ಎಂದು ಪ್ರಬಂಧದಲ್ಲಿ ಗೊತ್ತುಪಡಿಸಬೇಕು. ಹಾಗೆ ಗೊತ್ತುಪಡಿಸಿದ ಏಕೈಕ ಪ್ರತಿಯೇ ಹೋಲೋಟೈಪ್.

ಇದನ್ನು ಕನ್ನಡದಲ್ಲಿ ‘ಮಾದರಿ’ ಎನ್ನುವುದುಂಟು. ಆ ಪದ ದಾರಿ ತಪ್ಪಿಸುತ್ತದೆ ಎಂಬುದು ನನ್ನ ಅನಿಸಿಕೆ. ಮಾದರಿ ರೈತ, ಮಾದರಿ ಶಾಲೆ ಎನ್ನುವಾಗ ಉಳಿದವರಿಗೆ ಮೇಲ್ಪಂಕ್ತಿಯಾದದ್ದು ಎಂಬ ಅರ್ಥ ಬರುತ್ತದೆ. ಹೋಲೋಟೈಪ್ ಸೊರಗಿದ, ಎಲೆಯನ್ನು ಹುಳು ತಿಂದ ಗಿಡವೂ ಆಗಿರಬಹುದು, ಏಕೆಂದರೆ ಹೆಸರನ್ನು ಹೊರುವುದಷ್ಟೇ ಅದರ ಕೆಲಸ. ‘ಹೆಸರಿನ ಮೂಲಪ್ರತಿ’ ಎಂದರೆ ಅರ್ಥಕ್ಕೆ ಹೆಚ್ಚು ಹತ್ತಿರವಾದೀತು.

ಹರ್ಬೇರಿಯಂನ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹಾಲಯದ, ದಪ್ಪ ಹಾಳೆಯ ಮೇಲೆ ಗಿಡವನ್ನು ಅಂಟಿಸಿ ಅಥವಾ ಹೊಲಿದು, ಮೂಲೆಯ ಚೀಟಿಯಲ್ಲಿ ಸಿಕ್ಕಿದ ಜಾಗ, ಎತ್ತರ, ಅದು ಕುಳಿತಿದ್ದ ಮರ, ದಿನಾಂಕ, ಸಂಗ್ರಹಕಾರರ ಕ್ರಮಸಂಖ್ಯೆ ಇವನ್ನೆಲ್ಲ ಬರೆದಿರುತ್ತಾರೆ. ಹೂವಿನ ಬಣ್ಣವನ್ನೂ ಬರೆಯಲೇಬೇಕು, ಒಣಗಿದ ಮೇಲೆ ಎಲ್ಲವೂ ಕಂದು. ಆರ್ಕಿಡ್‌ಗಳಲ್ಲಿ ಒಂದು ಪ್ರಭೇದವನ್ನು ಇನ್ನೊಂದರಿಂದ ಬೇರ್ಪಡಿಸುವುದು ಬಹುಪಾಲು ತುಟಿದಳದ (ಉಳಿದವಕ್ಕಿಂತ ಬೇರೆಯಾಗಿ ಕಾಣುವ ಒಂದು ಎಸಳು) ಆಕಾರ ಮತ್ತು ಪರಾಗಪಿಂಡಗಳ (ಪರಾಗದ ಪುಟ್ಟ ಉಂಡೆಗಳು) ರಚನೆ. ಒತ್ತಿದರೆ ಇವು ಅಪ್ಪಚ್ಚಿಯಾಗುವುದರಿಂದ ಕೆಲವು ಹೂಗಳನ್ನು ಮದ್ಯಸಾರದ ಸೀಸೆಯಲ್ಲಿ ಬೇರೆಯೇ ಕಾಪಿಡುತ್ತಾರೆ.

ಹಾಸನ ಜಿಲ್ಲೆಗೆ ಈ ಕೆಲಸ ಹೊಸದಲ್ಲ. ಅಮೆರಿಕದ ಸಸ್ಯಶಾಸ್ತ್ರಜ್ಞ ಡ್ಯಾನ್ ನಿಕೋಲ್ಸನ್ ಅವರೊಡನೆ 1976ರಲ್ಲಿ ಜಿಲ್ಲೆಯ ಸಸ್ಯಸಂಪತ್ತಿನ ಬೃಹತ್ ಗ್ರಂಥವನ್ನು ಹೊರತಂದ ಫಾದರ್ ಸಿಸಿಲ್ ಸಲ್ಡಾನಾ ಅವರು, ಅದಕ್ಕೆ ಎರಡು ವರ್ಷ ಮೊದಲೇ ಆರ್ಕಿಡ್‌ಗಳ ಹೊಸ ಕುಲವೊಂದಕ್ಕೆ (ಹತ್ತಿರದ ಪ್ರಭೇದಗಳ ಗುಂಪಿಗೆ) ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ನೆನಪಿಗೆ ‘ಸ್ಮಿತ್ಸೋನಿಯಾ’ ಎಂದು ಹೆಸರಿಟ್ಟಿದ್ದರು. ಅದರ ಪ್ರಭೇದವೊಂದರ ಹೆಸರು ‘ಸ್ಟ್ರಾಮಿನಿಯಾ’, ಅಂದರೆ ಒಣಹುಲ್ಲಿನ ಬಣ್ಣದ್ದು. ಎಷ್ಟು ಅಚ್ಚುಕಟ್ಟಾದ ಹೆಸರು! ಆಗ ಹೊಸ ಸಸ್ಯದ ವಿವರಣೆ ಲ್ಯಾಟಿನ್‌ನಲ್ಲಿ ಇರಲೇಬೇಕಿತ್ತು. 2012ರಿಂದ ಇಂಗ್ಲಿಷ್ ಆದರೂ ನಡೆಯುತ್ತದೆ. ಮೂಲಪ್ರತಿಯನ್ನು ಗೊತ್ತುಪಡಿಸುವುದು 1958ರಿಂದ, ಅದು ಯಾವ ಹರ್ಬೇರಿಯಂನಲ್ಲಿದೆ ಎಂದು ತಿಳಿಸುವುದು 1990ರಿಂದ ಕಡ್ಡಾಯವಾಗಿದೆ.

ಮುಂದೆಂದೋ ಯಾರಾದರೂ ಆ ಪ್ರಭೇದವನ್ನು ಮತ್ತೆ ಪರಿಶೀಲಿಸಿ, ಒಂದೆಂದು ತಿಳಿದದ್ದು ನಿಜಕ್ಕೂ ಎರಡು ಎಂದು ತೋರಿಸಿದರೆ, ಹೋಲೋಟೈಪ್ ಯಾವ ಪಾಲಿಗೆ ಸೇರುತ್ತದೆಯೋ ಹಳೆಯ ಹೆಸರು ಅದಕ್ಕೇ ಉಳಿಯುತ್ತದೆ. ಇನ್ನೊಂದಕ್ಕೆ ಬೇರೆ ಹೆಸರು, ಬೇರೊಂದು ಹಾಳೆ ಬೇಕಾಗುತ್ತದೆ.