ವೈರಸ್ ಹೋಯಿತು, ಫೋಟೋ ಯಾಕೆ ತೆರೆಯುತ್ತಿಲ್ಲ?

ಪ್ರಶ್ನೆ: ನಮ್ಮದು ಚಿಕ್ಕ ಡಿಟಿಪಿ ಅಂಗಡಿ. ಕಂಪ್ಯೂಟರಿನಲ್ಲಿರುವ ಎಲ್ಲ ಫೈಲುಗಳ ಹೆಸರಿನ ಕೊನೆಗೆ ಅರ್ಥವಿಲ್ಲದ ನಾಲ್ಕು ಅಕ್ಷರ ಸೇರಿಕೊಂಡಿವೆ. ಪ್ರತಿ ಫೋಲ್ಡರಿನಲ್ಲೂ ‘ರೀಡ್‌ಮಿ’ ಅಂತ ಒಂದು ಫೈಲ್ ಬಂದಿದೆ. 980 ಡಾಲರ್ ಕೊಡಿ, 72 ಗಂಟೆಯೊಳಗೆ ಕೊಟ್ಟರೆ ಅರ್ಧ ಸಾಕು ಎಂದು ಅದರಲ್ಲಿದೆ. ಆಂಟಿವೈರಸ್ ಹಾಕಿ ವೈರಸ್ ತೆಗೆದೆ. ಆದರೂ ಒಂದು ಫೋಟೋನೂ ತೆರೆಯುತ್ತಿಲ್ಲ. ಫಾರ್ಮ್ಯಾಟ್ ಮಾಡಿಸಲಾ?

ಉತ್ತರ: ಈಗಲೇ ಬೇಡ. ವೈರಸ್ ತೆಗೆಯುವುದು ಒಂದು ಕೆಲಸ, ಫೈಲ್ ವಾಪಸ್ ಪಡೆಯುವುದು ಬೇರೆಯದೇ ಕೆಲಸ. ನೀವು ಮುಗಿಸಿರುವುದು ಮೊದಲನೆಯದನ್ನು ಮಾತ್ರ. ಬೀಗ ಜಡಿದವನನ್ನು ಮನೆಯಿಂದ ಓಡಿಸಿದ್ದೀರಿ. ಬೀಗ ಹಾಗೇ ಇದೆ, ಕೀ ಅವನ ಜೇಬಿನಲ್ಲಿದೆ. ಯಾವ ಆಂಟಿವೈರಸ್ಸೂ ಆ ಬೀಗ ತೆಗೆಯುವುದಿಲ್ಲ, ಅದರ ಕೆಲಸ ಅದಲ್ಲ. ಅವಸರದಲ್ಲಿ ಫಾರ್ಮ್ಯಾಟ್ ಮಾಡಿಸಿದರೆ ಮುಂದೆ ಬೇಕಾಗುವ ಗುರುತುಗಳೂ ಅದರ ಜೊತೆ ಅಳಿಸಿಹೋಗುತ್ತವೆ.

ನೀವು ಹೇಳಿದ ಲಕ್ಷಣ ನೋಡಿದರೆ ಇದು ‘ಸ್ಟಾಪ್’ ಅಥವಾ ‘ಡಿಜೆವಿಯು’ ಎಂದು ಕರೆಯುವ ರಾನ್ಸಮ್‌ವೇರ್ ಇರಬೇಕು. ಅಂದರೆ ಫೈಲುಗಳಿಗೆ ಬೀಗ ಜಡಿದು, ತೆಗೆಯಲು ದುಡ್ಡು ಕೇಳುವ ವೈರಸ್. ಪೇಪರಿನಲ್ಲಿ ಸುದ್ದಿಯಾಗುವುದು 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಮೇಲೆ ನಡೆದಂಥ ದೊಡ್ಡ ದಾಳಿಗಳು. ಇದು ಹಾಗಲ್ಲ. ಮನೆ, ಅಂಗಡಿ, ವಿದ್ಯಾರ್ಥಿಗಳ ಲ್ಯಾಪ್‌ಟಾಪುಗಳನ್ನೇ ಹುಡುಕಿಕೊಂಡು ಬರುವ ಪೀಡೆ.

ಒಳಗೆ ಬರುವ ದಾರಿ ಹೆಚ್ಚುಕಡಿಮೆ ಒಂದೇ: ಕ್ರ್ಯಾಕ್. ದುಡ್ಡು ಕೊಟ್ಟು ಕೊಳ್ಳಬೇಕಾದ ಸಾಫ್ಟ್‌ವೇರನ್ನು ಪುಕ್ಕಟೆ ಓಡಿಸಲು ಇಳಿಸಿಕೊಳ್ಳುವ ಕೀಜೆನ್, ಪ್ಯಾಚು, ವಿಂಡೋಸ್ ಆಕ್ಟಿವೇಟರ್ ಇಂಥವು. ಡಿಟಿಪಿ ಅಂಗಡಿಗಳಲ್ಲಿ ಇದು ಎಷ್ಟು ಸಾಮಾನ್ಯ ಎಂದು ನಾನು ಹೇಳಬೇಕಾಗಿಲ್ಲ ಅಲ್ವಾ? ಫೈಲ್ ಜಿಪ್ ಆಗಿರುತ್ತದೆ, ಅದಕ್ಕೊಂದು ಪಾಸ್‌ವರ್ಡ್ ಇರುತ್ತದೆ, ಪಾಸ್‌ವರ್ಡನ್ನು ಪಕ್ಕದಲ್ಲೇ ಬರೆದಿರುತ್ತಾರೆ. ಎಲ್ಲರಿಗೂ ಕಾಣುವ ಹಾಗೆ ಬರೆದ ಮೇಲೆ ಪಾಸ್‌ವರ್ಡ್ ಯಾಕೆ? ಪಾಸ್‌ವರ್ಡ್ ಇದ್ದರೆ ಆಂಟಿವೈರಸ್ ಜಿಪ್‌ನ ಒಳಗೆ ಇಣುಕಿ ನೋಡಲು ಆಗುವುದಿಲ್ಲ, ಅದಕ್ಕೆ. ಜೊತೆಗೆ ‘ಇನ್‌ಸ್ಟಾಲ್ ಮಾಡುವ ಮೊದಲು ಆಂಟಿವೈರಸ್ ಆಫ್ ಮಾಡಿ’ ಎಂಬ ಸೂಚನೆ ಬೇರೆ. ನಾವೇ ಆಫ್ ಮಾಡಿ, ವಿಂಡೋಸ್ ಅನುಮತಿ ಕೇಳಿದಾಗ ನಾವೇ ‘ಯೆಸ್’ ಒತ್ತುತ್ತೇವೆ. ಅವರು ಏನನ್ನೂ ಒಡೆಯಬೇಕಾಗಿಲ್ಲ.

ಆಮೇಲೆ ಪರದೆಯ ಮೇಲೆ ವಿಂಡೋಸ್ ಅಪ್‌ಡೇಟ್ ಆಗುತ್ತಿರುವಂತೆ ಒಂದು ಕಿಟಕಿ ಬರುವುದುಂಟು. ಅದು ಸುಳ್ಳು. ಡಿಸ್ಕ್ ಗರಗರ ಅಂದರೂ ನಮಗೆ ಅನುಮಾನ ಬಾರದಿರಲಿ ಎಂದು ಹೂಡಿದ ಆಟ. ಹಿಂದೆ ಫೈಲುಗಳಿಗೆ ಒಂದೊಂದಾಗಿ ಬೀಗ ಬೀಳುತ್ತಿರುತ್ತದೆ. ವಿಂಡೋಸ್ ತಾನಾಗಿ ಇಟ್ಟುಕೊಂಡಿರುವ ಹಳೆಯ ಪ್ರತಿಗಳನ್ನೂ ಅಳಿಸುತ್ತದೆ. ‘ಹೋಸ್ಟ್ಸ್’ ಎಂಬ ಫೈಲ್ ತಿದ್ದಿ, ಸಹಾಯ ಸಿಗುವಂಥ ಸೆಕ್ಯುರಿಟಿ ವೆಬ್‌ಸೈಟುಗಳು ತೆರೆಯದ ಹಾಗೆ ಮಾಡುತ್ತದೆ. ವಿಂಡೋಸ್ ಓಡಲು ಬೇಕಾದ ಫೈಲುಗಳನ್ನು ಮಾತ್ರ ಮುಟ್ಟುವುದಿಲ್ಲ. ಕಂಪ್ಯೂಟರ್ ಸತ್ತರೆ ಅವರ ಚೀಟಿ ಓದುವವರು ಯಾರು?

ಇದರ ಕೆಟ್ಟ ಗುಣ ಇನ್ನೊಂದಿದೆ. ಹೇಳಿದ ಹೊತ್ತಿಗೆ ಕೆಲಸ ಶುರುಮಾಡುವ ವಿಂಡೋಸ್‌ನ ಟಾಸ್ಕ್ ಶೆಡ್ಯೂಲರಿನಲ್ಲಿ ‘ಟೈಮ್ ಟ್ರಿಗರ್ ಟಾಸ್ಕ್’ ಎಂಬ ಹೆಸರಿನಲ್ಲಿ ಕೂತು, ಐದೈದು ನಿಮಿಷಕ್ಕೊಮ್ಮೆ ಮತ್ತೆ ಎದ್ದು ಬರುತ್ತದೆ. ಗಾಬರಿಯಲ್ಲಿ ಬ್ಯಾಕಪ್ ಹಾರ್ಡ್‌ಡಿಸ್ಕ್ ತಂದು ಚುಚ್ಚಿದಿರೋ, ಅದೂ ಹೋಯಿತು. ಇದ್ದೊಂದು ಒಳ್ಳೆಯ ಪ್ರತಿಯನ್ನೂ ಹೀಗೇ ಕಳೆದುಕೊಂಡವರಿದ್ದಾರೆ.

ಹಾಗಾಗಿ ಮೊದಲು ಇಂಟರ್ನೆಟ್ ತೆಗೆಯಿರಿ, ಪೆನ್‌ಡ್ರೈವ್‌ಗಳನ್ನೆಲ್ಲ ಕಿತ್ತಿಡಿ. ನೀವು ಒಮ್ಮೆ ಸ್ಕ್ಯಾನ್ ಮಾಡಿದ್ದರೂ ವಿಂಡೋಸ್ ಸೆಕ್ಯುರಿಟಿಯ ಸ್ಕ್ಯಾನ್ ಆಯ್ಕೆಗಳಲ್ಲಿರುವ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನನ್ನು ಇನ್ನೊಮ್ಮೆ ಓಡಿಸಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳುವ ಮೊದಲೇ ಅದು ಹುಡುಕುತ್ತದೆ. ಟಾಸ್ಕ್ ಶೆಡ್ಯೂಲರಿನಲ್ಲಿ ಆ ಹೆಸರು ಇನ್ನೂ ಇದೆಯಾ ನೋಡಿ, ಇದ್ದರೆ ಅಳಿಸಿ.

ಪಾಸ್‌ವರ್ಡುಗಳ ವಿಷಯವನ್ನು ಬಹಳ ಜನ ಮರೆಯುತ್ತಾರೆ. ಡಿಜೆವಿಯು ಒಂಟಿಯಾಗಿ ಬರುವುದು ಕಡಿಮೆ. ಬ್ರೌಸರಿನಲ್ಲಿ ಸೇವ್ ಆಗಿರುವ ಪಾಸ್‌ವರ್ಡ್ ಕದಿಯುವ ಇನ್ನೊಂದು ಕಳ್ಳ ತಂತ್ರಾಂಶವನ್ನೂ ಎಳೆದು ತರುತ್ತದೆ. ಬ್ಯಾಂಕ್, ಇಮೇಲ್ ಎಲ್ಲದರ ಪಾಸ್‌ವರ್ಡ್ ಇವತ್ತೇ ಬದಲಾಯಿಸಿ. ಇದೇ ಕಂಪ್ಯೂಟರಿನಲ್ಲಿ ಬೇಡ, ಫೋನಿನಿಂದ ಮಾಡಿ.

ಈಗ ಫೈಲುಗಳಿಗೆ ಬರೋಣ. ರೀಡ್‌ಮಿ ಫೈಲಿನ ಕೊನೆಯಲ್ಲಿ ‘ಪರ್ಸನಲ್ ಐಡಿ’ ಎಂದು ಉದ್ದನೆಯ ಸಾಲೊಂದಿದೆ. ಅದರ ಕೊನೆಯ ಎರಡು ಅಕ್ಷರ ನೋಡಿ. ‘ಟಿ1’ ಎಂದಿದ್ದರೆ ಸ್ವಲ್ಪ ಆಸೆ ಇಟ್ಟುಕೊಳ್ಳಬಹುದು. ಬೀಗ ಹಾಕುವ ಹೊತ್ತಿಗೆ ಈ ವೈರಸ್ ತನ್ನ ಸರ್ವರನ್ನು ಸಂಪರ್ಕಿಸಿ ನಿಮ್ಮ ಕಂಪ್ಯೂಟರಿಗೆಂದೇ ಬೇರೆ ಕೀ ತರುತ್ತದೆ. ಸರ್ವರ್ ಸಿಗದಿದ್ದರೆ ತನ್ನೊಳಗೇ ಇರುವ ಕೀ ಬಳಸುತ್ತದೆ. ಅದಕ್ಕೆ ಆಫ್‌ಲೈನ್ ಕೀ ಎನ್ನುತ್ತಾರೆ. ಅದೇ ತಳಿಯ ವೈರಸ್ಸಿನಿಂದ ಹೀಗೆ ಆಫ್‌ಲೈನ್‌ನಲ್ಲಿ ಸಿಕ್ಕಿಬಿದ್ದವರಿಗೆಲ್ಲ ಅದು ಒಂದೇ. ಒಬ್ಬರಿಗೆ ಕೀ ಸಿಕ್ಕರೆ ಉಳಿದವರಿಗೂ ಸಿಕ್ಕಿತು.

ಎಮ್ಸಿಸಾಫ್ಟ್ ಎಂಬ ಆಂಟಿವೈರಸ್ ಕಂಪನಿ 2019ರ ಅಕ್ಟೋಬರಿನಲ್ಲಿ ಇದಕ್ಕೆ ಉಚಿತ ಡಿಕ್ರಿಪ್ಟರ್, ಅಂದರೆ ಬೀಗ ತೆಗೆಯುವ ತಂತ್ರಾಂಶ, ಬಿಟ್ಟಿತು. ಮೈಕೇಲ್ ಗಿಲೆಸ್ಪಿ ಎಂಬ ಸಂಶೋಧಕರ ಜೊತೆ ಸೇರಿ ಮಾಡಿದ್ದು. 2019ರ ಆಗಸ್ಟ್ ಕೊನೆಗೆ ಮುಂಚಿನ ತಳಿಗಳಲ್ಲಿ ಬಹಳಷ್ಟಕ್ಕೆ ಅದು ನಡೆಯುತ್ತದೆ. ಆಮೇಲಿನ ತಳಿಗಳಲ್ಲಿ ಆಫ್‌ಲೈನ್ ಕೀ ಇರುವವರಿಗೆ, ಅದೂ ಆ ಕೀ ಎಮ್ಸಿಸಾಫ್ಟ್‌ನವರ ಕೈಗೆ ಸಿಕ್ಕಿದ್ದರೆ ಮಾತ್ರ. ಸರ್ವರಿನಿಂದ ತಂದ ಆನ್‌ಲೈನ್ ಕೀ ಆದರೆ ಇವತ್ತಿಗೆ ದಾರಿ ಇಲ್ಲ. ‘ನಾವು ತೆಗೆದುಕೊಡ್ತೀವಿ’ ಎನ್ನುವ ವಿಡಿಯೋಗಳನ್ನು ಸುಮ್ನೆ ನಂಬಬೇಡಿ. 2020ರಲ್ಲಿ ಡಿಜೆವಿಯು ಡಿಕ್ರಿಪ್ಟರ್ ಎಂದೇ ಹರಿದಾಡಿದ ಒಂದು ತಂತ್ರಾಂಶದ ಒಳಗೆ ‘ಝೊರಾಬ್’ ಎಂಬ ಮತ್ತೊಂದು ರಾನ್ಸಮ್‌ವೇರ್ ಇತ್ತು. ಬೀಗದ ಮೇಲೆ ಬೀಗ! ಡಿಕ್ರಿಪ್ಟರ್ ಬೇಕೆಂದರೆ ಎಮ್ಸಿಸಾಫ್ಟ್‌ನ ಸೈಟಿಗೆ ಹೋಗಿ, ಇಲ್ಲವೇ ಯುರೋಪಿಯನ್ ಒಕ್ಕೂಟದ ಪೊಲೀಸ್ ಸಂಸ್ಥೆ ಯೂರೋಪೋಲ್ ಮತ್ತು ಡಚ್ ಪೊಲೀಸರು 2016ರಲ್ಲಿ ಶುರುಮಾಡಿದ ‘ನೋ ಮೋರ್ ರಾನ್ಸಮ್’ ಸೈಟಿಗೆ ಹೋಗಿ.

ನಿಮ್ಮಂಥವರಿಗೆ ಒಂದು ಸಮಾಧಾನವಿದೆ. ಬೇಗ ಮುಗಿಸುವ ಆತುರದಲ್ಲಿ ಡಿಜೆವಿಯು ಇಡೀ ಫೈಲಿಗೆ ಬೀಗ ಹಾಕುವುದಿಲ್ಲ, ಮೊದಲ ಸುಮಾರು 150 ಕೆಬಿಗೆ ಮಾತ್ರ. ಚಿಕ್ಕ ವರ್ಡ್ ಫೈಲ್ ಪೂರ್ತಿ ಹೋಗುತ್ತದೆ. ಆದರೆ ಮದುವೆಯ ದೊಡ್ಡ ವಿಡಿಯೋದಲ್ಲಿ ಹಾಳಾಗುವುದು ತಲೆಯ ಭಾಗವಷ್ಟೇ. ಅದೇ ಕ್ಯಾಮೆರಾದಲ್ಲಿ ತೆಗೆದ ಒಂದು ಒಳ್ಳೆಯ ವಿಡಿಯೋ ಮಾದರಿಗೆ ಇದ್ದರೆ, ವಿಡಿಯೋ ರಿಪೇರಿ ತಂತ್ರಾಂಶಗಳು ಎಷ್ಟೋ ಸಲ ಉಳಿದದ್ದನ್ನು ಓಡುವಂತೆ ಮಾಡುತ್ತವೆ. ದೊಡ್ಡ ಜಿಪ್‌ನಲ್ಲೂ ಒಳಗಿನ ಹೆಚ್ಚಿನ ಫೈಲುಗಳು ಸಿಗುವುದುಂಟು. ಗಿರಾಕಿಗಳಿಗೆ ಮೇಲ್ ಅಥವಾ ವಾಟ್ಸಾಪ್‌ನಲ್ಲಿ ಕಳಿಸಿದ ಪ್ರತಿಗಳನ್ನೂ ಕೇಳಿ ನೋಡಿ.

ದುಡ್ಡು ಕೊಡಬೇಡಿ ಎನ್ನುವುದು ನನ್ನ ಮಾತು. ಕೀ ಬಂದೇ ಬರುತ್ತದೆ ಎಂಬ ಖಾತ್ರಿ ಇಲ್ಲ, ಬಾರದಿದ್ದರೆ ಯಾರನ್ನು ಕೇಳುತ್ತೀರಿ? ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅಥವಾ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ಕೊಡಿ. ಫೈಲ್ ವಾಪಸ್ ಬರುವುದು ಅನುಮಾನ, ಆದರೆ ಬ್ಯಾಂಕ್ ಖಾತೆಗೆ ಏನಾದರೂ ಆದರೆ ಆ ದೂರು ಬೇಕಾಗುತ್ತದೆ.

ಇನ್ನು ಫಾರ್ಮ್ಯಾಟ್. ಸ್ಕ್ಯಾನ್ ಕ್ಲೀನ್ ಎಂದು ತೋರಿಸಿದ ಮೇಲೆ ಒಂದು ಖಾಲಿ ಹಾರ್ಡ್‌ಡಿಸ್ಕ್ ತನ್ನಿ. ಬೀಗ ಬಿದ್ದ ಫೈಲುಗಳನ್ನೆಲ್ಲ ಅದಕ್ಕೆ ಹಾಕಿ. ಒಂದು ರೀಡ್‌ಮಿ ಫೈಲ್, ಜೊತೆಗೆ ಸಿ ಡ್ರೈವಿನಲ್ಲಿರುವ ‘ಸಿಸ್ಟಮ್ ಐಡಿ’ ಫೋಲ್ಡರ್ ಕೂಡ ಇರಲಿ. ಆಮೇಲೆ ಧಾರಾಳವಾಗಿ ಫಾರ್ಮ್ಯಾಟ್ ಮಾಡಿಸಿ, ಮಾಡಿಸುವುದೇ ಒಳ್ಳೆಯದು. ಆ ಹಾರ್ಡ್‌ಡಿಸ್ಕ್ ಬೀರುವಿನಲ್ಲಿರಲಿ, ಆಗಾಗ ಡಿಕ್ರಿಪ್ಟರಿನ ಹೊಸ ಆವೃತ್ತಿ ಓಡಿಸಿ ನೋಡಿ. 2020ರ ಏಪ್ರಿಲಿನಲ್ಲಿ ‘ಶೇಡ್’ ಎಂಬ ಇನ್ನೊಂದು ರಾನ್ಸಮ್‌ವೇರಿನವರು ಅಂಗಡಿ ಮುಚ್ಚುತ್ತೇವೆ ಎಂದು ಏಳೂವರೆ ಲಕ್ಷ ಕೀಗಳನ್ನು ಒಮ್ಮೆಗೇ ಹೊರಗೆ ಹಾಕಿದರು. ಹಾಳಾದ ಫೈಲುಗಳನ್ನು ಅಳಿಸದೆ ಇಟ್ಟುಕೊಂಡಿದ್ದವರಿಗೆ ಅವು ಉಪಯೋಗಕ್ಕೆ ಬಂದವು.